ಗದ್ದಲಕ್ಕೂ ವಯಸ್ಸುಂಟು

ಮುಖ್ಯೋಪಾಧ್ಯಾಯರು ವರಾಂಡದಲ್ಲಿ ಹಾದುಹೋಗುವಾಗ ತರಗತಿ ಸದ್ದಿಲ್ಲದೆ ಇದ್ದರೆ ‘ಈ ಮೇಷ್ಟ್ರಿಗೆ ಕಂಟ್ರೋಲ್ ಇದೆ’ ಎನ್ನುವುದು ನಮ್ಮ ಶಾಲೆಗಳ ಹಳೆಯ ಅಳತೆಗೋಲು. ಒಳಗೆ ಕೂತ ಮಕ್ಕಳು ಕಲಿಯುತ್ತಿದ್ದಾರೋ ಹೆದರಿದ್ದಾರೋ ಎಂಬುದು ಅದರಿಂದ ತಿಳಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ ಮೇಲೆ ಸ್ಟಾಫ್ ರೂಮಿನಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ಕೋಲು ಕಿತ್ತುಕೊಂಡರು, ಇನ್ನು ಹುಡುಗರನ್ನು ಹಿಡಿಯುವುದು ಹೇಗೆ?’

ಕೋಲಿದ್ದಾಗಲೂ ಹಿಡಿತವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಎಲ್ಲ ವಯಸ್ಸಿನ ಗದ್ದಲಕ್ಕೂ ಒಂದೇ ಮದ್ದು ಅರೆಯುತ್ತಿತ್ತು, ಅಷ್ಟೆ. ಒಂದನೇ ತರಗತಿಯ ಗದ್ದಲ ಬೇರೆ, ಆರನೆಯದರ ಗದ್ದಲ ಬೇರೆ, ಒಂಬತ್ತನೆಯದಂತೂ ಇನ್ನೂ ಬೇರೆ.

ಆರು ವರ್ಷದ ಮಗು ನಲವತ್ತು ನಿಮಿಷ ಕೈಕಟ್ಟಿ ಕೂರಲಾರದು. ಅದು ತುಂಟತನವಲ್ಲ, ಶರೀರಧರ್ಮ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಈ ಮಾತನ್ನು ಒಪ್ಪಿಕೊಂಡೇ ಹೊರಟಿತು. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿಕೊಂಡು, ತನ್ನ ಕಾರ್ಡನ್ನು ತಾನೇ ತಂದು, ಗುಂಪಿನಲ್ಲಿ ಕೂತು ಕಲಿಯುತ್ತದೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರದು ಒಂದು ಗುಂಪು, ಸ್ವತಃ ಮಾಡಬಲ್ಲವರದು ಇನ್ನೊಂದು. ಎದ್ದು ಓಡಾಡುವುದೇ ಪಾಠದ ಭಾಗವಾದ ಮೇಲೆ ‘ಕೂತ್ಕೋ’ ಎಂದು ಗದರಿಸುವ ಪ್ರಸಂಗ ಕಡಿಮೆ. (ಒಬ್ಬರೇ ಶಿಕ್ಷಕಿ ಮೂರು ತರಗತಿ ಸಂಭಾಳಿಸುವ ಕಷ್ಟವನ್ನು ಮಾತ್ರ ಅವರನ್ನೇ ಕೇಳಬೇಕು!)

ಐದು, ಆರು, ಏಳನೇ ತರಗತಿಯ ಗದ್ದಲದ ಮೂಲ ಹೆಚ್ಚಾಗಿ ನ್ಯಾಯ. ‘ಸಾರ್, ಮೊದಲು ಅವನೇ ಮಾಡಿದ್ದು’ ಎಂಬ ದೂರು ದಿನಕ್ಕೆ ಹತ್ತು ಸಲ ಬರುತ್ತದೆ. ಒಬ್ಬ ಕೂಗಿದ್ದಕ್ಕೆ ಇಡೀ ತರಗತಿಯನ್ನು ನಿಲ್ಲಿಸಿದರೆ ಉಳಿದವರ ಮನಸ್ಸಿನಲ್ಲಿ ಮೇಷ್ಟ್ರ ಬೆಲೆ ಇಳಿಯಿತೆಂದೇ ಲೆಕ್ಕ. ಮಾನಿಟರ್ ಕೈಗೆ ಸೀಮೆಸುಣ್ಣ ಕೊಟ್ಟು ಮಾತಾಡಿದವರ ಹೆಸರು ಬರೆಸುವ ಪದ್ಧತಿಯಂತೂ ನನಗೆ ಸ್ವಲ್ಪವೂ ಹಿಡಿಸದು. ಅವನ ಗೆಳೆಯರ ಹೆಸರು ಹಲಗೆಯ ಮೇಲೆ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ಅದರ ಬದಲು ನಾಲ್ಕೈದು ನಿಯಮಗಳನ್ನು ಮಕ್ಕಳಿಂದಲೇ ಹೇಳಿಸಿ ಗೋಡೆಗೆ ಅಂಟಿಸಿ. ಆಮೇಲೆ ತಪ್ಪಿದವನಿಗೆ ನೆನಪಿಸುವವರು ಅವರೇ.

ವಿಜ್ಞಾನದ ಪಿರಿಯಡ್ಡಿಗೆ ಇನ್ನೊಂದು ಸೂಕ್ಷ್ಮವಿದೆ. ಅಯಸ್ಕಾಂತ, ಮಸೂರ, ಲಿಟ್ಮಸ್ ಕಾಗದ ಏನೇ ಇರಲಿ, ಕೈಗೆ ಕೊಡುವ ಮುಂಚೆಯೇ ಮಾಡಬೇಕಾದುದನ್ನೆಲ್ಲ ಹೇಳಿ ಮುಗಿಸಬೇಕು. ಒಬ್ಬರಿಂದ ಅದನ್ನು ತಿರುಗಿ ಹೇಳಿಸಬೇಕು. ಅಯಸ್ಕಾಂತ ಕೈಸೇರಿತೋ, ಕಂಪಾಸ್ ಪೆಟ್ಟಿಗೆಗೆ ಅಂಟುತ್ತದೋ ಕಿಟಕಿಯ ಸರಳಿಗೆ ಅಂಟುತ್ತದೋ ಎಂದು ನೋಡುವುದರಲ್ಲೇ ಅವರ ಗಮನ. ಆಗ ಬ್ರಹ್ಮ ಬಂದು ಹೇಳಿದರೂ ಕಿವಿಗೆ ಬೀಳದು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ತರಗತಿಗಳನ್ನು ವಿಡಿಯೊದಲ್ಲಿ ಚಿತ್ರೀಕರಿಸಿ ಅಧ್ಯಯನ ಮಾಡಿ 1970ರಲ್ಲಿ ಪುಸ್ತಕ ಬರೆದರು. ಗಲಾಟೆಯಾದ ಮೇಲೆ ಶಿಕ್ಷಕರು ಹೇಗೆ ಬೈದರು ಎಂಬುದರಿಂದ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಇಡೀ ಕೋಣೆಯ ಮೇಲೆ ಕಣ್ಣಿಟ್ಟಿರುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ದಾಟುವುದು, ಇವೇ ಮುಖ್ಯವೆಂದು ಅವರು ಕಂಡುಕೊಂಡರು. ಡಸ್ಟರ್ ಹುಡುಕುವ ಎರಡು ನಿಮಿಷದಲ್ಲೇ ಅಲ್ಲವೇ ಹಿಂದಿನ ಬೆಂಚು ಕೆರಳುವುದು!

ಪ್ರೌಢಶಾಲೆಯಲ್ಲಿ ಪ್ರಶ್ನೆ ಮಾನದ್ದು. ಹದಿನಾಲ್ಕರ ಹುಡುಗನನ್ನು ಹುಡುಗಿಯರೆದುರು ‘ದಡ್ಡ’ ಎಂದರೆ ಅವನಿಗೆ ಎರಡೇ ದಾರಿ: ತಲೆ ತಗ್ಗಿಸುವುದು ಅಥವಾ ತಿರುಗಿಬೀಳುವುದು. ಗೆಳೆಯರ ಕಣ್ಣಲ್ಲಿ ಎರಡನೆಯದೇ ಗೌರವದ್ದು. ಹುಡುಗಿಯರು ತಿರುಗಿಬೀಳುವುದು ಕಡಿಮೆ; ಮರುದಿನದಿಂದ ಕೈಯೆತ್ತುವುದನ್ನೇ ಬಿಡುತ್ತಾರೆ, ನಮಗೆ ಅದು ಶಿಸ್ತಿನಂತೆ ಕಾಣುತ್ತದೆ. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲೇ ತೋರಿಸಿದ ಹಾಗೆ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಬಾಯಿಬಿಡುತ್ತಾರೆ.

ತಪ್ಪು ಮಾಡಿದವನ ಬೆಂಚಿನ ಬಳಿ ಹೋಗಿ ನಿಂತು ಪಾಠ ಮುಂದುವರಿಸಿದರೆ ಬಹಳ ಸಲ ಅಷ್ಟೇ ಸಾಕು. ಸಾಲದಿದ್ದರೆ ಸಂಜೆ ಸೈಕಲ್ ಸ್ಟ್ಯಾಂಡಿನ ಹತ್ತಿರ, ಒಬ್ಬನೇ ಇರುವಾಗ ಕೇಳಿ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಅಪ್ಪನ ಜೊತೆ ತೋಟಕ್ಕೆ ನೀರು ಹಾಯಿಸಿ ನಿದ್ದೆಗೆಟ್ಟವನಿರಬಹುದು. ಅಂಥವನನ್ನು ಮರುದಿನ ಪ್ರಯೋಗದ ಮೇಜಿನ ಪಕ್ಕ ನಿಲ್ಲಿಸಿ, ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಓದಿ ಹೇಳುವ ಕೆಲಸ ಕೊಡಿ.