ನಿಮಗಿದು ಗೊತ್ತೇ? ಜಿಗಿತ ಅಳೆಯುವ ಗೋಡೆ, ಆಟಗಾರನನ್ನು ಅಳೆಯುವ ಅಂಗಳ

● ಬ್ಯಾಸ್ಕೆಟ್‌ಬಾಲ್ ಹುಡುಗನ ಜಿಗಿತ ಅಳೆಯಲು ಯಂತ್ರವೇ ಬೇಕೆಂದಿಲ್ಲ. ಭಟ್ಕಳದ ಯಾವುದೇ ಶಾಲೆಯ ಗೋಡೆ, ಒಂದು ತುಂಡು ಸೀಮೆಸುಣ್ಣ, ಒಂದು ಟೇಪು ಸಾಕು. ಬೆರಳ ತುದಿಗೆ ಸುಣ್ಣದ ಪುಡಿ ಹಚ್ಚಿಕೊಂಡು, ನಿಂತಲ್ಲೇ ಕೈ ಚಾಚಿ ಒಂದು ಗುರುತು, ಜಿಗಿದು ಇನ್ನೊಂದು ಗುರುತು. ನಡುವಿನ ಅಂತರವೇ ಜಿಗಿತ. 1921ರಲ್ಲಿ ಜಿಗಿತದ ಪರೀಕ್ಷೆಯನ್ನು ಪ್ರಕಟಿಸಿದ ಅಮೆರಿಕದ ಡಡ್ಲಿ ಸಾರ್ಜೆಂಟ್ ಹೆಸರೇ ಇದಕ್ಕೆ ಉಳಿದುಕೊಂಡಿದೆ.

● ಇದರಲ್ಲೂ ಕಳ್ಳಾಟ ಉಂಟು! ಮೊದಲ ಗುರುತು ಹಾಕುವಾಗ ಭುಜವನ್ನು ಒಂಚೂರು ಇಳಿಸಿಕೊಂಡರೆ, ಜಿಗಿಯದೆಯೇ ನಾಲ್ಕೈದು ಸೆಂಟಿಮೀಟರ್ ಲಾಭ. ಅನುಭವಿ ತರಬೇತುದಾರರು ಹುಡುಗನ ಮುಖ ನೋಡುವುದಿಲ್ಲ, ಭುಜವನ್ನೂ ಹಿಮ್ಮಡಿಯನ್ನೂ ನೋಡುತ್ತಾರೆ.

● ಬುಟ್ಟಿಯ ಬಳೆ ನೆಲದಿಂದ 3.05 ಮೀಟರ್. ಕುಮಟಾದಲ್ಲೂ ಅಷ್ಟೇ, ನ್ಯೂಯಾರ್ಕಿನಲ್ಲೂ ಅಷ್ಟೇ. ಕೈ ಚಾಚಿದರೆ 2.40 ಮೀಟರ್ ಮುಟ್ಟುವ ಹುಡುಗ ಬರಿ ಬಳೆ ಮುಟ್ಟಲು 65 ಸೆಂ.ಮೀ. ಜಿಗಿಯಬೇಕು. ಚೆಂಡನ್ನು ಮೇಲಿನಿಂದ ತುರುಕಬೇಕಾದರೆ ಇನ್ನೊಂದು ಗೇಣು ಬೇಕೇ ಬೇಕು.

● ಎರಡೂ ತೋಳು ಚಾಚಿದಾಗಿನ ಅಗಲ ಹೆಚ್ಚಿನವರಿಗೆ ಅವರ ಎತ್ತರಕ್ಕೆ ಹತ್ತಿರಹತ್ತಿರ ಇರುತ್ತದೆ. ನಮ್ಮ ಮೀನುಗಾರರು ಹಗ್ಗ ಅಳೆಯುವ ಮಾರು ಅದೇ ಅಳತೆ. ಆದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡಿದ ಸುಡಾನಿನ ಮನೂಟ್ ಬೋಲ್ 231 ಸೆಂ.ಮೀ. ಎತ್ತರವಿದ್ದರೆ, ಅವರ ಮಾರು 259 ಸೆಂ.ಮೀ.!

● ಒಳ್ಳೆಯ ಜಿಗಿತಗಾರ ಗಾಳಿಯಲ್ಲಿ ಕ್ಷಣಕಾಲ ನಿಂತೇಬಿಟ್ಟ ಅನ್ನಿಸುವುದು ಸುಳ್ಳಲ್ಲ, ಲೆಕ್ಕ. ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗಿನ ಸಮಯದ ಅರ್ಧ ಭಾಗವನ್ನು ದೇಹ ಕಳೆಯುವುದು ಜಿಗಿತದ ಮೇಲಿನ ಕಾಲು ಪಾಲು ಎತ್ತರದಲ್ಲೇ. ಯಕ್ಷಗಾನದಲ್ಲಿ ತೆಂಕುತಿಟ್ಟಿನ ದಿಗಿಣ ಕಂಡು ಬಾಯಿ ಬಿಡುವವರಿಗೂ ಕಾರಣ ಇದೇ. ನಮ್ಮ ಹೊನ್ನಾವರದ ಕಡೆಯವರು ದಿಗಿಣಕ್ಕೆ ಬಾಯಿ ಬಿಡಲಿಕ್ಕಿಲ್ಲ. ಅವರಿಗೆ ಎಂದಿಗೂ ತಮ್ಮ ತಿಟ್ಟಿನ ಮಂಡಿ ಕುಣಿತವೇ ಮೇಲು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಮೊಣಕಾಲನ್ನು ಯಾವ ಪ್ರಯೋಗಾಲಯವೂ ಅಳೆದಂತಿಲ್ಲ. ನಷ್ಟ ಪ್ರಯೋಗಾಲಯಕ್ಕೇ.

● ಗೋಡೆ ಇಲ್ಲದಿದ್ದರೆ ಮೊಬೈಲ್ ಇದೆ. ಜಿಗಿತದ ವಿಡಿಯೊದಲ್ಲಿ ಕಾಲು ನೆಲ ಬಿಟ್ಟ ಚಿತ್ರ, ಮತ್ತೆ ಮುಟ್ಟಿದ ಚಿತ್ರ ಹುಡುಕಿ ನಡುವಿನ ಸಮಯ ಎಣಿಸಿ. 0.5 ಸೆಕೆಂಡ್ ಎಂದರೆ ಸುಮಾರು 31 ಸೆಂ.ಮೀ., 0.6 ಎಂದರೆ 44, 0.7 ಎಂದರೆ 60. ಸೆಕೆಂಡಿಗೆ 30 ಚಿತ್ರ ತೆಗೆಯುವ ಮಾಮೂಲಿ ವಿಡಿಯೊದಲ್ಲಿ ಒಂದೇ ಒಂದು ಚಿತ್ರ ಆಚೀಚೆಯಾದರೂ ಸುಮಾರು 5 ಸೆಂ.ಮೀ. ತಪ್ಪು. 240 ಚಿತ್ರದ ಸ್ಲೋ ಮೋಷನ್‌ನಲ್ಲಿ ಆ ತಪ್ಪು ಒಂದು ಸೆಂಟಿಮೀಟರಿಗೂ ಕಡಿಮೆ. ಇಳಿಯುವಾಗ ಮೊಣಕಾಲು ಮಡಚಿದರೆ ಮಾತ್ರ ಲೆಕ್ಕವೆಲ್ಲ ಬುಡಮೇಲು.

● 2007ರಲ್ಲಿ ಎನ್‌ಬಿಎ ಆಯ್ಕೆಗೆ ಮುನ್ನ ನಡೆದ ಪರೀಕ್ಷೆಯಲ್ಲಿ ಕೆವಿನ್ ಡುರಾಂಟ್‌ಗೆ 84 ಕೆ.ಜಿ. ಭಾರವನ್ನು ಒಂದು ಸಲವೂ ಎದೆಯಿಂದ ಮೇಲೆತ್ತಲಾಗಲಿಲ್ಲ. ಆದರೂ ಎರಡನೆಯವರಾಗಿ ಆಯ್ಕೆಯಾದರು. 2014ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರಾದರು.

● ಅದೇ 2014ರಲ್ಲಿ ಸರ್ಬಿಯಾದ ನಿಕೋಲ ಯೋಕಿಚ್ ಆಯ್ಕೆಯಾದದ್ದು 41ನೆಯವರಾಗಿ. ಅವರ ಹೆಸರು ಬಂದ ಹೊತ್ತಿಗೆ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು! ಓಟ ನಿಧಾನ, ಜಿಗಿತ ಅಷ್ಟಕ್ಕಷ್ಟೆ. ಮುಂದೆ 2021, 2022, 2024ರಲ್ಲಿ ಮೂರು ಬಾರಿ ಅತ್ಯಮೂಲ್ಯ ಆಟಗಾರ.

● ಜೋರಾಗಿ ಓಡುವುದಕ್ಕಿಂತ ಗಕ್ಕನೆ ನಿಲ್ಲುವುದೇ ದೊಡ್ಡ ಶಕ್ತಿ. ಕ್ಯಾಲಿಫೋರ್ನಿಯಾದ ಪಿ3 ಕ್ರೀಡಾ ಪ್ರಯೋಗಾಲಯದವರು ಎನ್‌ಬಿಎ ಆಟಗಾರ ಜೇಮ್ಸ್ ಹಾರ್ಡನ್‌ರಲ್ಲಿ ಎತ್ತಿ ತೋರಿಸಿದ್ದು ಈ ಬ್ರೇಕನ್ನೇ. ಹೊನಲು ಬೆಳಕಿನ ಕಬಡ್ಡಿ ನೋಡಿ ಬೆಳೆದ ಕರಾವಳಿಯವರಿಗೆ ಇದು ಹೊಸತಲ್ಲ. ಬೋನಸ್ ಗೆರೆಯತ್ತ ನುಗ್ಗಿ, ಅರ್ಧಕ್ಕೇ ತಡೆದು, ಹಿಂದೆ ಸರಿಯುವ ರೈಡರ್‌ಗೆ ಬೇಕಾದದ್ದೂ ಅದೇ.

● ಯೋ-ಯೋ ಪರೀಕ್ಷೆ ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ಅವರ ಕೊಡುಗೆ. 20 ಮೀಟರ್ ಹೋಗಿ ಬರಬೇಕು, 10 ಸೆಕೆಂಡ್ ಉಸಿರು ಬಿಡಬೇಕು, ಬೀಪ್ ಸದ್ದಿಗೆ ಮತ್ತೆ ಓಡಬೇಕು. ಹಂತ ಹಂತವಾಗಿ ವೇಗ ಏರುತ್ತದೆ. 2018ರ ಐಪಿಎಲ್‌ನಲ್ಲಿ 602 ರನ್ ಹೊಡೆದ ಅಂಬಟಿ ರಾಯುಡು ಈ ಪರೀಕ್ಷೆಯಲ್ಲಿ 16.1 ಅಂಕ ಮುಟ್ಟಲಾಗದೆ ಇಂಗ್ಲೆಂಡ್ ಪ್ರವಾಸ ಕಳೆದುಕೊಂಡರು. ಸರಿಯೇ ತಪ್ಪೇ ಎಂದು ಇಂದಿಗೂ ಜಗಳ ಉಂಟು. ನನ್ನನ್ನು ಕೇಳಿದರೆ, ಪರೀಕ್ಷೆ ಬಾಗಿಲು ಕಾಯಲಿ, ಯಜಮಾನಿಕೆ ಬೇಡ.

● ಭಾರತ ಕ್ರಿಕೆಟ್ ತಂಡದ ಬ್ಯಾಟರ್‌ಗಳ ಅಭ್ಯಾಸಕ್ಕೆ ಚೆಂಡೆಸೆಯುವ, ಅಂದರೆ ಥ್ರೋಡೌನ್ ಹಾಕುವ 'ರಘು' ನಮ್ಮ ಕುಮಟಾದವರು. ಹೆಸರು ರಾಘವೇಂದ್ರ. ಕೈ ಮುರಿದು ಆಡುವ ಕನಸು ಮುಗಿದ ಮೇಲೂ ಕ್ರಿಕೆಟ್ ಬಿಡಲಿಲ್ಲ. 2011ರಿಂದ ತಂಡದೊಂದಿಗಿದ್ದಾರೆ, 2024ರ ಟಿ20 ವಿಶ್ವಕಪ್ ಗೆದ್ದ ಬಳಗದಲ್ಲೂ ಇದ್ದರು. ಉದ್ದ ಹಿಡಿಕೆಯ ಸೈಡ್‌ಆರ್ಮ್‌ನಿಂದ ಅವರು ಬೀಸುವ ಚೆಂಡು ಗಂಟೆಗೆ 150 ಕಿ.ಮೀ. ದಾಟುತ್ತದೆ. 2013ರಿಂದೀಚೆ ತಂಡ ವೇಗದ ಬೌಲಿಂಗನ್ನು ಚೆನ್ನಾಗಿ ಎದುರಿಸಲು ರಘುವೇ ಕಾರಣ ಎಂದವರು ವಿರಾಟ್ ಕೊಹ್ಲಿ. ಅವರು ಹೊಗಳಿದ್ದು ಬರೀ ವೇಗವನ್ನಲ್ಲ, ಬ್ಯಾಟರ್‌ನ ಕಾಲಿನ ಚಲನೆಯನ್ನೂ ಬ್ಯಾಟಿನ ಹಾದಿಯನ್ನೂ ಓದುವ ಕಣ್ಣನ್ನು. ಆ ಕಣ್ಣಿಗೆ ಅಂಕ ಕೊಡುವ ಪರೀಕ್ಷೆ ಯಾವ ಆಯ್ಕೆ ಶಿಬಿರದಲ್ಲಿದೆ ಹೇಳಿ?

● ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಸರ್ಕಾರದ ಪ್ರತಿಭಾ ಶೋಧವೊಂದು ನಡೆದಿತ್ತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಯೋಜನೆಯಡಿ ಸಿದ್ದಿ ಸಮುದಾಯದ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆರಿಸಿತು. ಆಗ ಕ್ರೀಡಾ ಸಚಿವೆಯಾಗಿದ್ದ ಮಾರ್ಗರೆಟ್ ಆಳ್ವ ಮುಂದೆ 1999ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ಗೆದ್ದರು. ಆಫ್ರಿಕಾ ಮೂಲದವರು, ಓಡಿಯೇ ಓಡುತ್ತಾರೆ ಎಂಬ ನಂಬಿಕೆ ಯೋಜನೆಯ ಬೆನ್ನಿಗಿತ್ತು. ಕುಲ ನೋಡಿ ಕಾಲು ಊಹಿಸುವುದು ಪರೀಕ್ಷೆಯಲ್ಲ, ಪೂರ್ವಗ್ರಹ. ಆದರೂ ಹಾಸ್ಟೆಲ್, ಊಟ, ತರಬೇತಿ ಸಿಕ್ಕಿದ್ದರಿಂದ ಕಮಲಾ ಸಿದ್ದಿಯಂಥ ಅಥ್ಲೀಟ್‌ಗಳು ಮೇಲೆ ಬಂದರು. 1993ರಲ್ಲಿ ಸಿದ್ದಿ ಮಕ್ಕಳ ಈ ತರಬೇತಿ ನಿಂತಿತು, ಮಕ್ಕಳು ಊರಿಗೆ ಮರಳಿದರು.

● ಪಂದ್ಯದ ವಿಡಿಯೊದಲ್ಲಿ ಬಲ್ಲವರು ಹುಡುಕುವುದು ಮೊದಲ ಜಿಗಿತವನ್ನಲ್ಲ, ಎರಡನೆಯದನ್ನು. ಚೆಂಡು ಬಳೆಗೆ ಬಡಿದು ಸಿಡಿದಾಗ, ಇಳಿದವನು ಮತ್ತೆ ಎಷ್ಟು ಬೇಗ ಏರುತ್ತಾನೆ? ಜಿಗಿಯುವ ಮುನ್ನ ಎರಡು ಹೆಜ್ಜೆ ಓಡಿ ಸಜ್ಜಾಗಬೇಕಾದವನಿಗೆ ಗೋಡೆಯ ಮೇಲೆ 80 ಸೆಂ.ಮೀ. ಬಂದರೂ ಗುಂಪಿನ ನಡುವೆ ಅದು ದಕ್ಕುವುದಿಲ್ಲ.

● ತನ್ನ ಎಸೆತ ತಪ್ಪಿದಾಗ ಹುಡುಗ ತಿರುಗಿ ಓಡುತ್ತಾನೋ, ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನೋ? ಅಂಗಳ 28 ಮೀಟರ್ ಉದ್ದ. 10 ನಿಮಿಷದ ನಾಲ್ಕು ಅವಧಿಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಉಸಿರಿನ ಗಟ್ಟಿತನ ತಾನೇ ಕಾಣುತ್ತದೆ.

● ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಮಳೆಗಾಲದ ಸಿಮೆಂಟ್ ಅಂಗಳಕ್ಕೆ ಪಾಚಿ ಗ್ಯಾರಂಟಿ. ಜುಲೈಯಲ್ಲಿ ತೆಗೆದ ಓಟದ ಸಮಯವನ್ನು ಬೆಂಗಳೂರಿನ ಮರದ ಹಾಸಿನ ಸಮಯದ ಜೊತೆ ಹೋಲಿಸಿದರೆ ಅನ್ಯಾಯ. ಆಯ್ಕೆದಾರರಿಗೆ ವಿಡಿಯೊ ಕಳಿಸುವುದಿದ್ದರೆ ಮಳೆ ಬಿಟ್ಟ ಮೇಲೆ, ಮೊಬೈಲನ್ನು ಅಂಗಳದ ನಡುಗೆರೆಯ ನೇರಕ್ಕೆ ಎತ್ತರದಲ್ಲಿ ಕಟ್ಟಿ, ಹತ್ತೂ ಆಟಗಾರರು ಕಾಣುವಂತೆ, ಇಡೀ ಪಂದ್ಯ ತೆಗೆಯಿರಿ. ಬರೀ ಬುಟ್ಟಿಗೆ ಬಿದ್ದ ಚೆಂಡುಗಳನ್ನು ಹೊಲಿದು, ಹಿಂದೊಂದು ಸಿನಿಮಾ ಹಾಡು ಹಾಕಿ ಕಳಿಸಿದ್ದನ್ನು ಅವರು ಅರ್ಧ ನಿಮಿಷವೂ ನೋಡುವುದಿಲ್ಲ.