ಯೇಲ್ ಹೆಸರು ಮದ್ರಾಸಿನಿಂದ ಹೋದದ್ದು

ಪ್ರಶ್ನೆ: ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೂ ಮದ್ರಾಸಿಗೂ ನಂಟಿದೆಯಂತೆ, ನಿಜವೇ?

ಉತ್ತರ: ನಿಜ. 1701ರಲ್ಲಿ ಕನೆಕ್ಟಿಕಟ್ ವಸಾಹತಿನ ಪಾದ್ರಿಗಳು ಕಟ್ಟಿದ ಆ ಶಾಲೆಗೆ ಮೊದಲಿದ್ದ ಹೆಸರು ಕಾಲೇಜಿಯೇಟ್ ಸ್ಕೂಲ್. ಊರಿಂದೂರಿಗೆ ಅಲೆದು 1716ರಲ್ಲಿ ನ್ಯೂ ಹೇವನ್‌ನಲ್ಲಿ ನೆಲೆ ನಿಂತಾಗ ಕಟ್ಟಡಕ್ಕೆ ದುಡ್ಡು ಸಾಲಲಿಲ್ಲ. ಬಾಸ್ಟನ್‌ನ ಪಾದ್ರಿ ಕಾಟನ್ ಮ್ಯಾದರ್ ಲಂಡನ್‌ನಲ್ಲಿದ್ದ ಎಲಿಹು ಯೇಲ್‌ಗೆ ಪತ್ರ ಬರೆದರು: ನೆರವಾದರೆ ಕಾಲೇಜಿಗೆ ನಿಮ್ಮ ಹೆಸರೇ ಬಂದೀತು.

ಈ ಯೇಲ್ 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದವನು. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯ ಜೊತೆಗೆ ಸ್ವಂತ ವ್ಯಾಪಾರ ನಡೆಸಿ ಅಪಾರ ಹಣ ಮಾಡಿದ್ದ. ಭ್ರಷ್ಟಾಚಾರದ ಆರೋಪದಲ್ಲಿ ಹುದ್ದೆ ಕಳೆದುಕೊಂಡಿದ್ದ. 1718ರಲ್ಲಿ ಅವನು ಕಳಿಸಿದ್ದು ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆ ಒಂದನೇ ಜಾರ್ಜ್‌ನ ಒಂದು ಭಾವಚಿತ್ರ. ಮೂಟೆ ಬಿಚ್ಚಿದರೆ ಮಸ್ಲಿನ್ ಮುಂತಾದ ಬಟ್ಟೆ! ಅದನ್ನು ಮಾರಿದಾಗ ಬಂದದ್ದು ಸುಮಾರು 562 ಪೌಂಡ್. ಅಷ್ಟಕ್ಕೇ ಕಾಲೇಜು ಯೇಲ್ ಆಯಿತು.

ಆದರೆ ಈ ಕಥೆಯನ್ನು ಬರೀ ಔದಾರ್ಯದ ಕಥೆಯಾಗಿ ಹೇಳುವುದು ತಪ್ಪು. ಅವನು ಅಧಿಕಾರದಲ್ಲಿದ್ದಾಗ ಮದ್ರಾಸಿನ ಬಂದರಿನಿಂದ ಗುಲಾಮರ ಸಾಗಣೆಯೂ ನಡೆದಿತ್ತು. ಗುಲಾಮಗಿರಿಯೊಂದಿಗೆ ತನಗಿದ್ದ ನಂಟಿಗಾಗಿ ಯೇಲ್ ವಿಶ್ವವಿದ್ಯಾಲಯ 2024ರ ಫೆಬ್ರವರಿಯಲ್ಲಿ ಕ್ಷಮೆ ಕೇಳಿತು.