ಕೆರೆಯದೆ ತಿಳಿಯುವ ವಿದ್ಯೆ

ಹಳೆಯ ಒಡವೆಯನ್ನು ಅಕ್ಕಸಾಲಿಗನ ಕೈಗೆ ಕೊಟ್ಟರೆ ಅವನು ಮೊದಲು ಅದನ್ನು ಒರೆಗಲ್ಲಿಗೆ ಉಜ್ಜುತ್ತಾನೆ. ಚಿನ್ನ ಎಳ್ಳಷ್ಟಾದರೂ ಸವೆಯದೆ ಅದರ ನಿಜ ಹೊರಬೀಳುವುದಿಲ್ಲ. ಪುರಾತನ ವಸ್ತುಗಳ ಪರೀಕ್ಷೆಯೂ ಬಹುಕಾಲ ಹೀಗೆಯೇ ನಡೆಯಿತು. ಚಿತ್ರದಿಂದ ಬಣ್ಣದ ಚೂರನ್ನೋ ವಿಗ್ರಹದಿಂದ ಲೋಹದ ಪುಡಿಯನ್ನೋ ತೆಗೆದು ಪ್ರಯೋಗಶಾಲೆಗೆ ಕಳುಹಿಸಬೇಕಾಗಿತ್ತು.

ಈಗ ಉಪಕರಣವೇ ವಸ್ತುವಿನ ಬಳಿಗೆ ಹೋಗುತ್ತದೆ. ಒಂದು ಬಗೆಯದು ಕ್ಷ-ಕಿರಣದ ಯಂತ್ರ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದೂ ಉಂಟು. ಕಿರಣ ತಾಗಿದೊಡನೆ ಒಂದೊಂದು ಮೂಲವಸ್ತುವೂ ತನ್ನದೇ ಆದ ಕಿರಣವನ್ನು ಮರಳಿ ಸೂಸುತ್ತದೆ. ಕೆಂಪು ಬಣ್ಣದಲ್ಲಿ ಪಾದರಸ ಕಂಡರೆ ಇಂಗಳೀಕವೆಂದೂ ಕಬ್ಬಿಣ ಕಂಡರೆ ಕಾವಿಯೆಂದೂ ಊಹಿಸಬಹುದು. ಒಡವೆ ಅಂಗಡಿಗಳ ಕ್ಯಾರಟ್ ಮೀಟರ್ ಕೂಡ ಇದೇ ಕುಲದ್ದು.

ಇನ್ನೊಂದು ಬಗೆಯ ಯಂತ್ರದ ಮೂಲ ನಮ್ಮ ದೇಶದ್ದೇ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರು ಕಂಡ ಪರಿಣಾಮವದು. ವಸ್ತುವಿನ ಮೇಲೆ ಬಿದ್ದು ಚದರಿದ ಬೆಳಕಿನಲ್ಲಿ ಅತ್ಯಲ್ಪ ಭಾಗದ ಬಣ್ಣ ಬದಲಾಗಿರುತ್ತದೆ. ಎಷ್ಟು ಬದಲಾಯಿತೆಂಬುದೇ ಅಣುವಿನ ಗುರುತು. ಗಿಡದಿಂದ ತೆಗೆದ ನೀಲಿ ಕ್ಷ-ಕಿರಣಕ್ಕೆ ಸಿಕ್ಕದು, ಇದಕ್ಕೆ ಸಿಕ್ಕೀತು. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಆ ಮಹನೀಯರ ಹೆಸರು ಇಂದು ವಿದೇಶದ ವಸ್ತುಸಂಗ್ರಹಾಲಯಗಳಲ್ಲಿ ದಿನಬಳಕೆಯ ಮಾತು.

ಒಂದು ಉದಾಹರಣೆ ನೋಡೋಣ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ರಾತ್ರಿಯ ಪಹರೆ’ ಸುಮಾರು ನಾಲ್ಕೂವರೆ ಮೀಟರ್ ಅಗಲದ ಚಿತ್ರ. 2019ರ ಜುಲೈಯಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಜಿಯಂನವರು ಅದನ್ನು ಹೊರಗೆ ಒಯ್ಯದೆ, ಸುತ್ತಲೂ ಗಾಜಿನ ಕೋಣೆ ಕಟ್ಟಿ, ಪ್ರೇಕ್ಷಕರ ಕಣ್ಣೆದುರಿಗೇ ಪರೀಕ್ಷೆ ಆರಂಭಿಸಿದರು. ಕ್ಷ-ಕಿರಣದ ಯಂತ್ರ ಭಾಗಭಾಗವಾಗಿ 56 ಸಲ ಓದಬೇಕು. ಒಂದೊಂದು ಸಲಕ್ಕೆ 24 ಗಂಟೆ! ಕ್ಯಾಲ್ಸಿಯಂ ಇರುವ ಎಡೆಗಳ ನಕ್ಷೆ ಬರೆದಾಗ, ಸೀಮೆಸುಣ್ಣ ಬೆರೆತ ಬಣ್ಣದಲ್ಲಿ ಕಲಾವಿದನು ಹಾಕಿಕೊಂಡಿದ್ದ ಮೊದಲ ಕರಡು ಕಾಣಿಸಿತು. ಒಬ್ಬನ ಶಿರಸ್ತ್ರಾಣಕ್ಕೆ ಗರಿ ಬರೆದು ಆಮೇಲೆ ಮುಚ್ಚಿದ್ದನು. ಸುದ್ದಿ ಪ್ರಕಟವಾದದ್ದು 2021ರ ಡಿಸೆಂಬರಿನಲ್ಲಿ. ಕಡತದಲ್ಲಿ ಹೊಡೆದುಹಾಕಿದ ಟಿಪ್ಪಣಿಯನ್ನು ಓದಿ ಪಳಗಿದ ಗುಮಾಸ್ತರಾದ ನಮಗೆ ಇದರ ಸ್ವಾರಸ್ಯ ಇನ್ನೂ ಹೆಚ್ಚು.

ಆದರೆ ಯಂತ್ರವೇನೂ ಸರ್ವಜ್ಞನಲ್ಲ. ಕಿಲುಬು ಹಿಡಿದ ಕಂಚಿನ ಮೇಲಿಟ್ಟರೆ ಒಳಗಿನ ಲೋಹವನ್ನು ಬಿಟ್ಟು ಕಿಲುಬಿನ ಲೆಕ್ಕವನ್ನೇ ಒಪ್ಪಿಸೀತು. ಎಲ್ಲಿಡಬೇಕು, ಬಂದ ಗೆರೆಗಳ ಅರ್ಥವೇನು ಎಂಬುದನ್ನು ಬಲ್ಲವರೇ ಹೇಳಬೇಕು. ಅಳಿಸಿಹೋದದ್ದನ್ನು ಬಲ್ಲವರೂ ಓದಲಾರರು.

ಇದೆಲ್ಲ ನಮಗೇಕೆ ಎನ್ನುವಿರಾ? ಹೊರನಾಡಿನಲ್ಲಿರುವ ನಾವು ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈಲಾದಷ್ಟು ಹಣ ಕಳುಹಿಸುತ್ತೇವೆ. ಅದು ಒಳ್ಳೆಯದೇ. ಆದರೆ ಆ ಹಣದಿಂದಲೇ ಹಳೆಯ ಗೋಡೆಚಿತ್ರಕ್ಕೆ ಸುಣ್ಣ ಬಳಿದು, ಕಲ್ಲಿನ ಕಂಬಕ್ಕೆ ಎನಾಮಲ್ ಬಣ್ಣ ಹಚ್ಚಿದರೆ, ಹಿರಿಯರ ಕೈಬರಹವನ್ನು ನಾವೇ ಅಳಿಸಿದಂತಲ್ಲವೆ? ಪೂಜೆಯ ವಿಗ್ರಹಕ್ಕೆ ಅಭಿಷೇಕ ನಡೆಯಲೇಬೇಕು. ಆ ಮಾತು ಬೇರೆ. ಉಳಿದವುಗಳ ವಿಷಯದಲ್ಲಿ, ಕಾಣಿಕೆಯ ಹಣದೊಡನೆ ಈ ಒಂದು ಸಾಲನ್ನೂ ಬರೆದು ಕಳುಹಿಸೋಣ: ಬಣ್ಣ ಬಳಿಯುವ ಮೊದಲು ಪುರಾತತ್ವ ಇಲಾಖೆಯವರನ್ನು ಒಮ್ಮೆ ಕರೆದು ತೋರಿಸಿರಿ.